ಬಣ್ಣ ಒರೆಸಿಕೊಂಡ ಮೇಲಿನ ಹಾಡು

ನಾಯಕಿಯ ಪಾರ್ಟಿಗೆ ವಯಸ್ಸು ಮೀರಿದ ಹಾಡುಗಾರ್ತಿ ಮುಂದೇನು ಮಾಡಬೇಕು ಎಂಬ ಪ್ರಶ್ನೆ ಕಂಪನಿ ನಾಟಕಗಳ ಸೀಮೆಯಲ್ಲಿ ಬೆಳೆದವರಿಗೆ ಹೊಸದಲ್ಲ. ಗದಗಿನ ತೋಂಟದಾರ್ಯ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದ ಕಂಪನಿಗಳನ್ನು ನೋಡುತ್ತ ದೊಡ್ಡವನಾದವನು ನಾನು. ಒಮ್ಮೆ ನಾಯಕಿಯಾಗಿ ಬಂದವಳು ಕೆಲವು ಜಾತ್ರೆ ಕಳೆಯುವಷ್ಟರಲ್ಲಿ ಅದೇ ಕಂಪನಿಯಲ್ಲಿ ನಾಯಕನ ತಾಯಿಯಾಗಿ ಬರುತ್ತಿದ್ದಳು. ಆಮೇಲೆ ತಾಯಿಗೆ ಹಾಡೇ ಇಲ್ಲದ ನಾಟಕಗಳು ಬಂದವು. ದನಿ ಇರುತ್ತಿತ್ತು, ಹಾಡಲು ಪಾರ್ಟು ಇರುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ವಿಂಗಿನ ಬದಿಯಲ್ಲಿ ನಿಂತು ಹೊಸ ಹುಡುಗಿಗೆ ಸಾಲು ಎತ್ತಿಕೊಡುತ್ತಿದ್ದ ಅಂಥ ಒಬ್ಬಿಬ್ಬರ ಮುಖ ಇನ್ನೂ ನೆನಪಿದೆ.

ಇದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಬ್ಬ ಹೆಂಗಸನ್ನು ನಾನು ಕಂಡದ್ದು ತೀರಾ ದೂರದ ಊರಲ್ಲಿ. ತೊಂಬತ್ತರ ದಶಕದಲ್ಲಿ ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದಾಗ ನನ್ನ ಆಫೀಸಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಲಿಂಕನ್ ಸೆಂಟರಿನ ರಂಗಕಲೆಗಳ ಗ್ರಂಥಾಲಯವಿತ್ತು. ಪುಸ್ತಕದ ಹಾಗೆ ಸಿಡಿಗಳನ್ನೂ ಮನೆಗೆ ಕೊಡುತ್ತಿದ್ದರು. ಊಟದ ಹೊತ್ತಿನಲ್ಲಿ ಹೋಗಿ ಆ ಊರಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇ ಸಂಗೀತ ನಾಟಕಗಳ ಸಿಡಿ ತರುವುದು ರೂಢಿಯಾಯಿತು. ಮಾತು ನಡುವೆ ತುಂಡಾಗಿ ಹಾಡಿಗೆ ತಿರುಗುವ ನಾಟಕ ನಮ್ಮ ಕಡೆಯವರಿಗೆ ವಿಚಿತ್ರವೇನಲ್ಲ. ಹಾಗೆ ತಂದ ಹಳೆಯ ನಾಟಕಗಳಲ್ಲಿ ಮತ್ತೆ ಮತ್ತೆ ಒಂದೇ ಹೆಸರು ಕಾಣುತ್ತಿತ್ತು: ಬಾರ್ಬರಾ ಕುಕ್.

ಆಕೆ ಹುಟ್ಟಿದ್ದು 1927ರಲ್ಲಿ, ಅಮೆರಿಕದ ದಕ್ಷಿಣದ ಅಟ್ಲಾಂಟಾದಲ್ಲಿ. ತಂದೆ ಊರೂರು ತಿರುಗಿ ಟೊಪ್ಪಿಗೆ ಮಾರುವವರು. ಚಿಕ್ಕಂದಿನಲ್ಲೇ ತಂಗಿ ತೀರಿಕೊಂಡಳು, ಅಪ್ಪ ಅಮ್ಮ ಬೇರೆಯಾದರು. ತಂಗಿಯ ಸಾವಿಗೆ ತಾನೇ ಕಾರಣ ಎಂದು ಆ ಮಗು ನಂಬಿಕೊಂಡಿತ್ತು. 1948ರಲ್ಲಿ ತಾಯಿಯ ಜೊತೆ ನ್ಯೂಯಾರ್ಕ್ ನೋಡಲು ಬಂದವರು ತಾಯಿಯನ್ನು ಊರಿಗೆ ಕಳಿಸಿ ತಾವು ಅಲ್ಲೇ ಉಳಿದುಬಿಟ್ಟರು. 1951ರಲ್ಲಿ ಬ್ರಾಡ್‌ವೇಯಲ್ಲಿ ಮೊದಲ ಪಾರ್ಟು. ಆ ನಾಟಕ ಬೇಗನೆ ನಿಂತಿತು. ಆದರೆ 1956ರಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಸಂಗೀತದ ‘ಕ್ಯಾಂಡಿಡ್’ ಬಂತು. ವೋಲ್ಟೇರನ ಕಥೆ. ಅದರ ನಾಯಕಿ ಪ್ಯಾರಿಸ್ಸಿನಲ್ಲಿ ಶ್ರೀಮಂತರ ಕೈಗೆ ಸಿಕ್ಕು, ತನ್ನ ಗತಿ ನೆನೆದು ಅಳುತ್ತಾಳೆ. ಮರುಕ್ಷಣ ಮೈಮೇಲಿನ ಒಡವೆ ನೋಡಿಕೊಂಡು ನಗುತ್ತಾಳೆ. ಆ ನಗು ಮಾತಿನಲ್ಲಿಲ್ಲ, ಸ್ವರದಲ್ಲಿದೆ. ದನಿ ತಾರಸ್ಥಾಯಿ ದಾಟಿ ಹೆಂಗಸಿನ ಕೊರಳು ಹೋಗಬಹುದಾದ ತುದಿಯವರೆಗೂ ಹೋಗಿ ಅಲ್ಲಿ ಕುಣಿಯುತ್ತದೆ. ಇವತ್ತಿಗೂ ಒಪೆರಾದ ಸೊಪ್ರಾನೊಗಳು, ಅಂದರೆ ಎತ್ತರದ ದನಿಯ ಹಾಡುಗಾರ್ತಿಯರು, ತಮ್ಮ ತಯಾರಿ ತೋರಿಸಲು ಎತ್ತಿಕೊಳ್ಳುವ ಹಾಡದು. ಅದನ್ನು ಮೊದಲು ಹಾಡಿದಾಕೆ ಒಪೆರಾದವಳಲ್ಲ, ಬ್ರಾಡ್‌ವೇ ಹುಡುಗಿ. ವಾರಕ್ಕೆ ಎಂಟು ಆಟ. ನಾಟಕ 73 ಪ್ರಯೋಗಕ್ಕೇ ಮುಚ್ಚಿತು.

ಮರುವರ್ಷದ ‘ದಿ ಮ್ಯೂಸಿಕ್ ಮ್ಯಾನ್’ ಮಾತ್ರ 1375 ಪ್ರಯೋಗ ಓಡಿತು. ಅಯೋವಾದ ಒಂದು ಸಣ್ಣ ಊರು, ಮಕ್ಕಳ ಬ್ಯಾಂಡ್ ಕಟ್ಟುತ್ತೇನೆಂದು ವಾದ್ಯ ಮಾರಿ ಓಡಿಹೋಗಲು ಬಂದ ಒಬ್ಬ ಠಕ್ಕ, ಅವನನ್ನು ಮೊದಲೇ ಗುರುತಿಸಿದ ಊರಿನ ಲೈಬ್ರರಿಯನ್. ಆ ಲೈಬ್ರರಿಯನ್ ಮೇರಿಯನ್ ಪಾತ್ರಕ್ಕೆ ಕುಕ್ ಅವರಿಗೆ ಟೋನಿ ಪ್ರಶಸ್ತಿ ಬಂತು. ಆ ನಾಟಕದ ಒಂದು ಹಾಡನ್ನು ಬೀಟಲ್ಸ್ ಕೂಡ ಹಾಡಿದ್ದಾರೆ. ನಮ್ಮಲ್ಲಿ ಬಹಳ ಮಂದಿಗೆ ಅದು ಅವರದೇ ಹಾಡು. 1962ರಲ್ಲಿ ನಾಟಕ ಸಿನೆಮಾ ಆದಾಗ ಪಾತ್ರ ಶರ್ಲಿ ಜೋನ್ಸ್ ಪಾಲಾಯಿತು. ರಂಗದ ಮೇಲಿನ ಹಾಡುಗಾರರ ಹಣೆಬರಹವೇ ಅದು.

ಆ ಕಾಲದ ಕುಕ್ ಅವರದು ನನಗೆ ತುಂಬ ಇಷ್ಟವಾದದ್ದು ‘ಶಿ ಲವ್ಸ್ ಮಿ’. 1963ರ ನಾಟಕ. ಒಂದೇ ಸುಗಂಧದ ಅಂಗಡಿಯಲ್ಲಿ ಕೆಲಸ ಮಾಡುವ ಗಂಡು ಹೆಣ್ಣು ಎದುರಾದಾಗೆಲ್ಲ ಜಗಳ ಆಡುತ್ತಾರೆ. ಆದರೆ ಹೆಸರು ತಿಳಿಸದೆ ಪತ್ರ ಬರೆದುಕೊಂಡು ಪ್ರೀತಿಸುತ್ತಿರುವವರೂ ಅವರೇ. ಹುಡುಗಿ ಕಾಯಿಲೆ ಎಂದು ಮನೆಯಲ್ಲಿದ್ದಾಳೆ. ಜಗಳಗಂಟ ಸಹೋದ್ಯೋಗಿ ವೆನಿಲಾ ಐಸ್‌ಕ್ರೀಮ್ ಹಿಡಿದುಕೊಂಡು ನೋಡಲು ಬಂದು ಹೋಗುತ್ತಾನೆ. ಅವನು ಹೋದ ಮೇಲೆ ಅವಳು ಪತ್ರದ ಗೆಳೆಯನಿಗೆ ಬರೆಯಲು ಕೂರುತ್ತಾಳೆ. ಬರೆಯುವುದು ಒಬ್ಬನಿಗೆ, ಮನಸ್ಸು ಓಡುವುದು ಐಸ್‌ಕ್ರೀಮ್ ತಂದವನ ಕಡೆಗೆ. ಬರೆದದ್ದು ಹೊಡೆದುಹಾಕಿ ಮತ್ತೆ ಬರೆಯುತ್ತಾಳೆ, ಮತ್ತೆ ಐಸ್‌ಕ್ರೀಮ್ ನುಗ್ಗುತ್ತದೆ. ಹಾಡಿನ ಕೊನೆಗೆ ತಾರಸ್ಥಾಯಿಯ ಒಂದು ಸ್ವರವಿದೆ. ಅದು ಗಾಯಕಿಯ ಬಲಪ್ರದರ್ಶನಕ್ಕಲ್ಲ. ತನಗೇನಾಗಿದೆ ಎಂದು ಹುಡುಗಿಗೆ ಗೊತ್ತಾಗುವುದು ಆ ಸ್ವರ ಮುಟ್ಟಿದಾಗಲೇ. ಇಷ್ಟು ಚಿಕ್ಕ ವಿಷಯವನ್ನು ಇಷ್ಟು ಎತ್ತರಕ್ಕೆ ಒಯ್ಯುವ ಹಾಡು ನಾನು ಹೆಚ್ಚು ಕೇಳಿಲ್ಲ.

ಅಲ್ಲಿಂದ ಇಳಿಜಾರು. 1965ರಲ್ಲಿ ವಿಚ್ಛೇದನ. ಬ್ರಾಡ್‌ವೇಯ ಕಿವಿಯೂ ಬದಲಾಗುತ್ತಿತ್ತು. 1968ರಲ್ಲಿ ರಾಕ್ ಸಂಗೀತದ ‘ಹೇರ್’ ನಾಟಕ ಬಂದ ಮೇಲೆ ಲೇಸಿನ ಕಾಲರಿನ ಸೊಪ್ರಾನೊ ನಾಯಕಿ ಹಳೆಯ ಕಾಲದವಳಾದಳು. 1971ರ ‘ದಿ ಗ್ರಾಸ್ ಹಾರ್ಪ್’ ಏಳು ಪ್ರಯೋಗಕ್ಕೆ ನಿಂತಿತು. ಖಿನ್ನತೆ, ಕುಡಿತ, ಏರುವ ಮೈ. ಹುಡುಗಿಯ ಪಾರ್ಟು ಕೊಡುತ್ತಿದ್ದವರ ಕಡೆಯಿಂದ ಫೋನು ಬರುವುದು ನಿಂತಿತು. ಇದನ್ನೆಲ್ಲ ಆಕೆ ತಮ್ಮ ಆತ್ಮಕಥೆಯಲ್ಲಿ ಯಾವ ಸೆರಗೂ ಹೊದಿಸದೆ ಬರೆದಿದ್ದಾರೆ. ಅಮೆರಿಕದ ಪತ್ರಿಕೆಗಳಿಗೆ ಬಿದ್ದೆದ್ದವರ ಕಥೆ ಎಂದರೆ ಪ್ರಾಣ. ಈ ಭಾಗವನ್ನೇ ಹಿಂಜಿ ಹಿಂಜಿ ಬರೆದರು. ನನಗೆ ಕುತೂಹಲ ಇರುವುದು ಬಿದ್ದದ್ದರಲ್ಲಿ ಅಲ್ಲ.

ಎಪ್ಪತ್ತರ ದಶಕದ ಮೊದಲರ್ಧದಲ್ಲಿ ವಾಲಿ ಹಾರ್ಪರ್ ಎಂಬ ಪಿಯಾನೊ ವಾದಕ ಜೊತೆಯಾದ. ಕುಕ್ ಅವರಿಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವನು. ಹುಬ್ಬಳ್ಳಿ ಕಡೆಯ ಮಾತಿನಲ್ಲಿ ಹೇಳುವುದಾದರೆ ಪೇಟಿ ಮಾಸ್ತರ. ಕಂಪನಿಯಲ್ಲಿ ಪೇಟಿ ಮಾಸ್ತರ ಎಂದರೆ ಬರೀ ಸ್ವರ ಕೊಡುವವನಲ್ಲ. ಯಾವ ನಟಿಯ ಉಸಿರು ಎಲ್ಲಿ ತುಂಡಾಗುತ್ತದೆ, ಇವತ್ತು ಯಾರ ಗಂಟಲು ಕಟ್ಟಿದೆ, ಎಲ್ಲಿ ಅರ್ಧ ಮನೆ ಇಳಿಸಿ ಹಿಡಿಯಬೇಕು ಎಂಬುದೆಲ್ಲ ಅವನಿಗೆ ಗೊತ್ತಿರಬೇಕು. ಹಾರ್ಪರ್ ಆ ಜಾತಿಯವನು. ಮೊದಲು ಒಂದು ಚಿಕ್ಕ ಕ್ಲಬ್ಬಿನಲ್ಲಿ ಇಬ್ಬರೂ ಕಾರ್ಯಕ್ರಮ ಕೊಟ್ಟರು. ಅಲ್ಲಿಂದ 1975ರ ಜನವರಿ 26ಕ್ಕೆ ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್. ಆಗ ಕುಕ್ ಅವರಿಗೆ 47. ಕುಡಿತ ಇನ್ನೂ ಬಿಟ್ಟಿರಲಿಲ್ಲ, ಅದನ್ನು ಬಿಟ್ಟದ್ದು ಎರಡು ವರ್ಷದ ಮೇಲೆ. ಅಂದರೆ ಮೊದಲು ಬದುಕು ಸರಿಹೋಗಿ ಆಮೇಲೆ ಹಾಡು ಸರಿಹೋಯಿತು ಎಂದಲ್ಲ. ಹಾಡೇ ಮೊದಲು ದಡ ಹತ್ತಿತು.

ಆ ಮೇಲಿನ ಬದುಕು ಕ್ಯಾಬರೆಯದು. ನಮ್ಮವರಿಗೆ ಕ್ಯಾಬರೆ ಎಂದರೆ ಎಪ್ಪತ್ತರ ದಶಕದ ಸಿನೆಮಾದಲ್ಲಿ ಖಳನ ಅಡ್ಡೆಯ ಕುಣಿತ. ಹೀಗೊಬ್ಬ ಹಾಡುಗಾರ್ತಿ ಕ್ಯಾಬರೆಗೆ ಹೋದಳೆಂದು ಊರಿಗೆ ಪತ್ರ ಬರೆದಿದ್ದರೆ ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು. ನ್ಯೂಯಾರ್ಕಿನದು ಬೇರೆ. ದೊಡ್ಡ ಹೋಟೆಲಿನ ಒಳಗೊಂದು ಸಣ್ಣ ಕೋಣೆ, ಇಕ್ಕಟ್ಟಾಗಿ ಜೋಡಿಸಿದ ಮೇಜುಗಳು, ಒಂದು ಪಿಯಾನೊ, ಹೆಚ್ಚೆಂದರೆ ಒಂದು ಬಾಸ್. ಮ್ಯಾಡಿಸನ್ ಅವೆನ್ಯೂದ ಕಾರ್ಲೈಲ್ ಹೋಟೆಲಿನ ಕೆಫೆ ಕಾರ್ಲೈಲ್ ಇವುಗಳಲ್ಲಿ ಹೆಸರಾಂತದ್ದು. ಗೋಡೆಯ ತುಂಬ ಮಾರ್ಸೆಲ್ ವೆರ್ಟೆಸ್ ಬರೆದ ಚಿತ್ರ; ತೊಂಬತ್ತು ಜನ ಕೂತರೆ ತುಂಬಿತು. ಬಾಬಿ ಶಾರ್ಟ್ ಅಲ್ಲಿ 1968ರಿಂದ ಮೂರೂವರೆ ದಶಕ ಹಾಡಿದ. ಕುಕ್ ಕೂಡ ವರ್ಷಗಟ್ಟಲೆ ಅಲ್ಲಿ ಹಾಡಿದರು. ಅಲ್ಲಿ ಸೀನರಿ ಇಲ್ಲ, ಕಥೆ ಇಲ್ಲ. ಒಂದು ಹಾಡು ಮುಗಿದರೆ ಮುಂದಿನದಕ್ಕೆ ದಾರಿ ಮಾಡುವುದು ಹಾಡುವವರ ಮಾತು. ಜನ ಉಣ್ಣುತ್ತಿರುತ್ತಾರೆ. ಮೊದಲ ಮೇಜಿನವರು ಹಾಡುವವರ ಕತ್ತಿನ ನರ ಉಬ್ಬುವುದನ್ನು ನೋಡಬಲ್ಲರು.

ನಾನು ಆಕೆಯನ್ನು ಹತ್ತಿರದಿಂದ ಕೇಳಿದ್ದು ಪಾರ್ಕ್ ಅವೆನ್ಯೂದ ರೀಜೆನ್ಸಿ ಹೋಟೆಲಿನೊಳಗಿನ ಫೈನ್‌ಸ್ಟೈನ್ಸ್‌ನಲ್ಲಿ. ಆಕೆಗೆ ಎಂಬತ್ತು ದಾಟಿತ್ತು. ಇಂಥ ಕಡೆ ಟಿಕೆಟಿನ ಮೇಲೆ ಇಂತಿಷ್ಟು ರೊಕ್ಕದ ಊಟ ಮಾಡಲೇಬೇಕು. ನನ್ನಂಥ ಸಸ್ಯಾಹಾರಿಗೆ ಆ ಲೆಕ್ಕ ತುಂಬುವುದೇ ಕಷ್ಟ. ಬ್ರೆಡ್ಡು, ಹಸಿ ಸೊಪ್ಪು, ಆಲೂಗಡ್ಡೆ ತರಿಸಿಕೊಂಡು ಕೂತಿದ್ದೆ. ಪಕ್ಕದ ಮೇಜಿನ ಮುದುಕ ದಂಪತಿ ಕುಕ್ ಅವರನ್ನು ಮೇರಿಯನ್ ಪಾತ್ರದಲ್ಲಿ ನೋಡಿದ್ದವರು. ದೀಪ ಮಂದವಾಯಿತು. ಆಕೆ ಕೋಲೂರಿಕೊಂಡು, ಇನ್ನೊಬ್ಬರ ತೋಳು ಹಿಡಿದು, ಮೇಜುಗಳ ನಡುವಿನ ಕಿಂಡಿಯಲ್ಲೇ ಬಂದು ಕುರ್ಚಿಯಲ್ಲಿ ಕೂತರು. ಕೂತು ಹಾಡುವುದಕ್ಕೂ ಅಲ್ಲಿ ಒಂದು ಪರಂಪರೆ ಇದೆ. ಮೇಬಲ್ ಮರ್ಸರ್ ಎಂಬಾಕೆ ನೆಟ್ಟಗಿನ ಬೆನ್ನಿನ ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿಟ್ಟು ಹಾಡುತ್ತಿದ್ದರು; ಅವರನ್ನು ಕೇಳಿಯೇ ಪದ ಹೇಳುವುದನ್ನು ಕಲಿತೆ ಎಂದವರಲ್ಲಿ ಫ್ರಾಂಕ್ ಸಿನಾಟ್ರಾ ಒಬ್ಬ.

ಕುಕ್ ಎತ್ತಿಕೊಂಡದ್ದರಲ್ಲಿ ಸಂಗೀತ ಸಂಯೋಜಕ ಸೋಂಡ್‌ಹೈಮನ ‘ಫಾಲೀಸ್’ ನಾಟಕದ ಹಾಡು ಒಂದಿತ್ತು, ‘ಲೂಸಿಂಗ್ ಮೈ ಮೈಂಡ್’. ಮದುವೆಯಾಗಿ ದಶಕಗಳಾದ ಮೇಲೂ ಇನ್ನೊಬ್ಬನನ್ನೇ ನೆನೆಯುತ್ತ ದಿನ ದೂಡುವ ಹೆಂಗಸಿನ ಹಾಡು. ಬೇರೆಯವರು ಹಾಡಿದಾಗ ಕೊನೆಗೆ ಬರುವಷ್ಟರಲ್ಲಿ ಅದು ಹೃದಯ ಒಡೆದ ಕೂಗಾಗಿರುತ್ತದೆ. ಈಕೆ ದನಿ ಏರಿಸಲಿಲ್ಲ. ಬೆಳಗ್ಗೆ ಎದ್ದು ಮಾಡುವ ಸಣ್ಣ ಕೆಲಸಗಳನ್ನು ಪಟ್ಟಿ ಓದಿದ ಹಾಗೆ ಹಾಡಿದರು. ಎಡಗೈಯ ಎರಡು ಬೆರಳು ಮಾತ್ರ ಸೀರಿಯಸ್ಸಾಗಿ ಏನನ್ನೋ ಎಣಿಸುತ್ತಿದ್ದವು. ಒಂದು ಸಾಲಿನ ಕೊನೆಯಲ್ಲಿ ಉಸಿರು ಸಾಲದಾಯಿತು. ಅದನ್ನು ಮುಚ್ಚಲು ಹೋಗದೆ ಅಲ್ಲೇ ನಿಂತು, ಉಸಿರು ತೆಗೆದುಕೊಂಡು ಮುಂದಿನ ಪದ ಇಟ್ಟರು. ಆ ನಿಲುಗಡೆಯಿಂದ ಸಾಲಿಗೆ ಹೊಸ ಅರ್ಥವೇ ಬಂತು: ಹೇಳಲೋ ಬೇಡವೋ ಎಂದು ಆ ಹೆಂಗಸು ಅನುಮಾನಿಸಿದಂತೆ. ನನ್ನ ಮೇಜಿನ ಸೊಪ್ಪು ಹಾಗೇ ಉಳಿಯಿತು. ಕಾಯುತ್ತಿದ್ದ ಮಾಣಿ ಬಿಲ್ಲಿನ ತಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದ.

‘ಫಾಲೀಸ್’ನ ಈ ಪಾತ್ರವನ್ನು ಆಕೆ ಮೊದಲು ಹಾಡಿದ್ದು 1985ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ಫಿಲಾರ್ಮಾನಿಕ್ ಮೇಳದ ಜೊತೆ, ಲಿಂಕನ್ ಸೆಂಟರಿನ ಏವರಿ ಫಿಷರ್ ಹಾಲಿನಲ್ಲಿ. ಯೌವನದಲ್ಲಿ ರಂಗದ ಮೇಲೆ ಕುಣಿದ ಹೆಂಗಸರು ವಯಸ್ಸಾದ ಮೇಲೆ, ನೆಲಸಮವಾಗಲಿರುವ ತಮ್ಮ ಹಳೆಯ ಥಿಯೇಟರಿನಲ್ಲಿ ಸೇರುವ ಕಥೆ ಅದು. ಕುಕ್ ಅವರಿಗೆ ಆಗ 57. ಆ ವಯಸ್ಸಿಗೆ, ಆ ಮೈಗೆ, ಆ ದನಿಗೆ ಸರಿಯಾಗಿ ಬರೆದಿಟ್ಟ ಪಾತ್ರವೊಂದು ಕೊನೆಗೂ ಸಿಕ್ಕಿತ್ತು. ಹತ್ತು ವರ್ಷ ಕ್ಯಾಬರೆ ಹಾಡಿರದಿದ್ದರೆ ಅದನ್ನು ಹಾಗೆ ಹಾಡಲು ಬರುತ್ತಿತ್ತೇ ಎಂಬುದು ನನ್ನ ಅನುಮಾನ. ‘ಮ್ಯೂಸಿಕ್ ಮ್ಯಾನ್’ ಕಾಲದಲ್ಲಿ ಬ್ರಾಡ್‌ವೇ ನಟರ ಮೈಮೇಲೆ ಮೈಕು ಇರುತ್ತಿರಲಿಲ್ಲ. ದನಿಯನ್ನು ಬಾಲ್ಕನಿಯ ಕೊನೆಯ ಸಾಲಿಗೆ ಎಸೆಯಬೇಕಿತ್ತು. ಹಾಗೆ ಎಸೆಯುವ ದನಿಯಲ್ಲಿ ಕೆಲವು ಭಾವಗಳು ಬರುವುದೇ ಇಲ್ಲ: ಹಿಂಜರಿಕೆ, ತನ್ನೊಳಗೇ ಆಡಿಕೊಂಡ ಮಾತು, ಅರ್ಧ ನಗು. ಸಣ್ಣ ಕೋಣೆ, ಬಾಯಿಗೆ ಹತ್ತಿರದ ಮೈಕು ಅವುಗಳಿಗೆ ಜಾಗ ಕೊಟ್ಟವು. ಆದರೂ ಆಕೆ ಹಳೆಯ ವಿದ್ಯೆ ಬಿಟ್ಟವರಲ್ಲ. ದೊಡ್ಡ ಸಭಾಂಗಣಗಳಲ್ಲಿ ಕೊನೆಯ ಹಾಡಿಗೆ ಮೈಕನ್ನು ಪಕ್ಕಕ್ಕಿಟ್ಟು ಬರಿಗೊರಳಲ್ಲಿ ಹಾಡುವುದು ಆಕೆಯ ರೂಢಿ. ಎರಡು ಸಾವಿರ ಜನ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುವುದನ್ನು ಕಾರ್ನೆಗಿ ಹಾಲಿನಲ್ಲಿ ಕಂಡಿದ್ದೇನೆ.

ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಆಕೆ ವಿದ್ಯಾರ್ಥಿಗಳಿಗೆ ಸಾರ್ವಜನಿಕವಾಗಿ ಪಾಠ ಮಾಡುತ್ತಿದ್ದರು. ನಮ್ಮಂಥವರೂ ಹೋಗಿ ಕೂರಬಹುದಿತ್ತು. ಒಬ್ಬ ಹುಡುಗಿ ಬಂದು ಪ್ರೇಮದ ಹಾಡೊಂದನ್ನು ಕೈ ಚಾಚಿ, ಕಣ್ಣು ಮೇಲೆತ್ತಿ, ದೊಡ್ಡ ದನಿಯಲ್ಲಿ ಹಾಡಿದಳು. ಚಪ್ಪಾಳೆ ಬಂತು. ಕುಕ್ ಅವಳ ಎರಡೂ ಕೈ ಹಿಡಿದುಕೊಂಡು, ಅದನ್ನೇ ತಮಗೆ ಹೇಳಲು ಹೇಳಿದರು, ಹಾಡಲು ಅಲ್ಲ. ಕೈ ಕಟ್ಟಿಹೋದ ಹುಡುಗಿಗೆ ಮೊದಲು ಏನೂ ತೋಚಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಸಾಲು ಹೇಳಿದಳು, ಹೇಳುತ್ತ ಹೇಳುತ್ತ ಅದು ಸ್ವರಕ್ಕೆ ಏರಿತು, ಅರ್ಧದಲ್ಲಿ ಅವಳಿಗೆ ಅಳು ಬಂತು. ಇನ್ನೇನನ್ನೂ ಹಚ್ಚಿಕೊಳ್ಳಬೇಕಿಲ್ಲ, ನೀನು ಇದ್ದಂತೆ ಇದ್ದರೆ ಸಾಕು ಎಂಬುದು ಎಲ್ಲ ವಿದ್ಯಾರ್ಥಿಗಳಿಗೂ ಆಕೆ ಹೇಳುತ್ತಿದ್ದ ಮಾತು. ಬೇರೆ ಯಾರಾದರೂ ಹೇಳಿದ್ದರೆ ಕ್ಯಾಲೆಂಡರಿನ ಸುಭಾಷಿತ ಎಂದುಕೊಳ್ಳುತ್ತಿದ್ದೆ. ಏನೇನೋ ಹಚ್ಚಿಕೊಂಡೂ ಸಾಲದೆ ಹೋದ ವರ್ಷಗಳನ್ನು ಕಂಡವರ ಬಾಯಲ್ಲಿ ಅದಕ್ಕೆ ತೂಕವಿತ್ತು.

ಆ ಪಾಠ ನೋಡುವಾಗ ನಮ್ಮ ಕಂಪನಿಗಳ ‘ಒನ್ಸ್ ಮೋರ್’ ನೆನಪಾಗುತ್ತಿತ್ತು. ಜನ ಕೂಗಿದರೆಂದು ಸತ್ತು ಬಿದ್ದ ಪಾತ್ರ ಎದ್ದು ನಿಂತು ಅದೇ ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯುತ್ತಿತ್ತು ಎಂದು ಹಿರಿಯರು ನಗುತ್ತ ಹೇಳುತ್ತಿದ್ದರು. ಎರಡನೆಯ ಸಲ ಹಾಡುವಾಗ ಅಲ್ಲಿ ಪಾತ್ರ ಎಲ್ಲಿತ್ತು? ಜನರಿಗೆ ಬೇಕಾದದ್ದು ಹಾಡುವ ಮನುಷ್ಯ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ನಾಟಕವಿಲ್ಲದೆ ರಂಗಗೀತೆಗಳನ್ನಷ್ಟೇ ಹಾಡುವಾಗಲೂ ಸಭೆ ಕುಣಿಯುತ್ತದೆ. ಆದರೆ ನಾವು ರಂಗಗೀತೆ ಕೇಳುವುದು ಹೆಚ್ಚಾಗಿ ಒಂದು ಕಾಲದ ನೆನಪಿಗಾಗಿ, ಕಂಪನಿಯ ವೈಭವಕ್ಕಾಗಿ. ಆ ಹಾಡು ಇವತ್ತು ಈ ಹಾಡುವವರ ಬದುಕಿಗೆ ಏನು ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ವಿಂಗಿನಲ್ಲಿ ನಿಂತಿದ್ದವರಿಗೆ ತಮ್ಮ ಐವತ್ತರ ದನಿಯಲ್ಲಿ, ಮುಖಕ್ಕೆ ಬಣ್ಣವಿಲ್ಲದೆ, ಅದೇ ನಾಯಕಿಯ ಹಾಡು ಹಾಡಲು ಒಂದು ಕೋಣೆ ಸಿಕ್ಕಿದ್ದರೆ ಎಂಥ ಹಾಡು ಬರುತ್ತಿತ್ತೋ.

ಕುಕ್ ಅವರ ಸಂಗೀತ ನಾಟಕಗಳ ಕಾಲವನ್ನು ‘ವೈಭವದ ದಿನಗಳು’ ಎನ್ನುತ್ತಾರೆ. ಲೆಕ್ಕ ಹಾಕಿದರೆ ಅದು 1951ರಿಂದ 1971ರವರೆಗೆ, ಇಪ್ಪತ್ತು ವರ್ಷ. ಆಮೇಲಿನ ಹಾಡಿಕೆ ನಾಲ್ಕು ದಶಕ. ಮೂಲ ವೃತ್ತಿ ಯಾವುದು, ಉಪವೃತ್ತಿ ಯಾವುದು? ನಡುವೆ 1988ರಲ್ಲಿ ‘ಕ್ಯಾರಿ’ ಎಂಬ ನಾಟಕಕ್ಕೆ ಇಂಗ್ಲೆಂಡಿಗೆ ಹೋಗಿ, ಅಲ್ಲಿ ರಂಗಸಜ್ಜೆಯ ಭಾಗವೊಂದು ತಲೆಗೆ ಬಡಿಯುವುದರಲ್ಲಿ ಕೂದಲೆಳೆಯಲ್ಲಿ ತಪ್ಪಿ, ನಾಟಕ ಬ್ರಾಡ್‌ವೇಗೆ ಬರುವ ಮೊದಲೇ ಕೈಬಿಟ್ಟರು. ಒಳ್ಳೆಯದೇ ಆಯಿತು, ಬ್ರಾಡ್‌ವೇಯಲ್ಲಿ ಅದು ಐದೇ ಪ್ರಯೋಗ ಕಂಡಿತು. 2004ರ ಅಕ್ಟೋಬರಿನಲ್ಲಿ ಹಾರ್ಪರ್ ತೀರಿಕೊಂಡ. ಮೂವತ್ತು ವರ್ಷ ಉಸಿರು ಬಲ್ಲವನು ಹೋದ ಮೇಲೆ ಹಾಡು ನಿಲ್ಲುತ್ತದೆಂದೇ ಎಲ್ಲರೂ ಅಂದುಕೊಂಡರು. 2006ರ ಜನವರಿಯಲ್ಲಿ ಆಕೆ ಮೆಟ್ರೊಪಾಲಿಟನ್ ಒಪೆರಾದ ವೇದಿಕೆಯಲ್ಲಿದ್ದರು. ಆ ಸಂಸ್ಥೆ ತಾನಾಗಿ ಕಛೇರಿ ಏರ್ಪಡಿಸಿದ ಮೊದಲ ಪಾಪ್ ಗಾಯಕಿ. 2010ರಲ್ಲಿ, 82ನೆಯ ವಯಸ್ಸಿನಲ್ಲಿ, ಮತ್ತೆ ಬ್ರಾಡ್‌ವೇ. 2011ರಲ್ಲಿ ಕೆನಡಿ ಸೆಂಟರ್ ಗೌರವ. 2017ರ ಆಗಸ್ಟ್ 8ರಂದು, 89ನೆಯ ವಯಸ್ಸಿನಲ್ಲಿ, ಮ್ಯಾನ್‌ಹಟನ್ನಿನ ಮನೆಯಲ್ಲಿ ತೀರಿಕೊಂಡರು.

ನಾನು ಕೂತಿದ್ದ ಫೈನ್‌ಸ್ಟೈನ್ಸ್ ಅದಕ್ಕೂ ಮೊದಲೇ, 2012ರ ಕೊನೆಗೆ ಬಾಗಿಲು ಹಾಕಿತ್ತು. ಆಲ್ಗಾಂಕ್ವಿನ್ ಹೋಟೆಲಿನ ಓಕ್ ರೂಮ್ ಎಂಬ ಇಂಥದೇ ಕೋಣೆ ಕೂಡ ಅದೇ ವರ್ಷ ಹೋಯಿತು. ಹಾಗೆಂದು ಪದ್ಧತಿ ಸಾಯಲಿಲ್ಲ. ಹಳೆಯ ನೈಟ್ ಕ್ಲಬ್ ಸ್ಟುಡಿಯೊ 54ರ ನೆಲಮಾಳಿಗೆಯಲ್ಲಿ ಹೊಸದೊಂದು ಕೋಣೆ ತೆರೆಯಿತು. ಈಗಿನ ಬ್ರಾಡ್‌ವೇ ನಾಯಕಿಯರು ಪಾರ್ಟು ತಪ್ಪುವವರೆಗೆ ಕಾಯುವುದಿಲ್ಲ, ನಾಟಕದ ನಡುನಡುವೆಯೇ ಬಂದು ತಮ್ಮ ಹೆಸರಿನಲ್ಲಿ ಹಾಡಿ ಹೋಗುತ್ತಾರೆ. ಆ ದಾರಿಯನ್ನು ಸವೆಸಿದವರಲ್ಲಿ ಕುಕ್ ಮುಂದಿನವರು.

ಎಲ್ಲಿಂದ ಕೇಳಲು ಶುರು ಮಾಡಲಿ ಎಂದು ಗೆಳೆಯರು ಕೇಳಿದರೆ ನಾನು ‘ಕ್ಯಾಂಡಿಡ್’ ಹೆಸರು ಎತ್ತುವುದಿಲ್ಲ. 1985ರ ‘ಫಾಲೀಸ್’ ಧ್ವನಿಮುದ್ರಣ ಸಿಗುತ್ತದೆ, ಅದರಲ್ಲಿ ಆಕೆಯ ಹಾಡುಗಳನ್ನು ಮೊದಲು ಕೇಳಿ. ಆಮೇಲೆ 1975ರ ಕಾರ್ನೆಗಿ ಹಾಲ್. ಐವತ್ತರ ದಶಕದವನ್ನು ಕೊನೆಗೆ ಇಟ್ಟುಕೊಳ್ಳಿ. ಅವನ್ನು ಮೊದಲೇ ಕೇಳಿದವರು ಆ ತಾರಸ್ಥಾಯಿಯ ಬೆರಗಿನಲ್ಲೇ ಉಳಿದು, ಮುಂದಿನದೆಲ್ಲವನ್ನೂ ಅದಕ್ಕೆ ಹೋಲಿಸುತ್ತ, ಯಾವ ಸ್ವರ ಈಗ ಸಿಗುತ್ತಿಲ್ಲ ಎಂದು ಲೆಕ್ಕ ಇಡಲು ಕೂತುಬಿಡುತ್ತಾರೆ.